ಕಣ್ಣು ಒಣಗಿದೆ ಅಂತ ಡ್ರಾಪ್ಸ್ ಕೇಳುವ ಮುಂಚೆ

ಬಳ್ಳಾರಿಯ ಕೌಲ್ ಬಜಾರ್ ಕಡೆ ನಮ್ಮದೊಂದು ಸಣ್ಣ ಮೆಡಿಕಲ್ ಶಾಪ್. ಸುತ್ತಮುತ್ತ ಜೀನ್ಸ್ ಹೊಲಿಯುವ ಮನೆಗಳು. ಮಾರ್ಚ್ ಕಾಲಿಟ್ಟಿತೆಂದರೆ ಕೌಂಟರಿಗೆ ಬರುವ ಮಾತು ಹೆಚ್ಚುಕಮ್ಮಿ ಒಂದೇ: "ಅಕ್ಕಾ, ಕಣ್ಣಾಗ ಉಸುಕು ಬಿದ್ದಂಗ ಆಗ್ತೈತೆ. ಯಾವುದಾರ ಡ್ರಾಪ್ಸ್ ಕೊಡು." ಆ 'ಯಾವುದಾರ' ಅನ್ನೋದಕ್ಕೇ ನನ್ನ ತಕರಾರು. ನನ್ನ ಕಪಾಟಿನಲ್ಲಿ ಒಣಗಿದ ಕಣ್ಣಿಗೆ ಹಿತವಾದ ಡ್ರಾಪ್ಸ್ ಇವೆ. ಕಣ್ಣನ್ನು ಇನ್ನೂ ಕೆಂಪು ಮಾಡುವವೂ ಇವೆ. ತಿಂಗಳುಗಟ್ಟಲೆ ಹಾಕಿಕೊಂಡರೆ ದೃಷ್ಟಿಗೇ ಕುತ್ತು ತರುವವೂ ಇವೆ. ನೋಡೋಕೆ ಎಲ್ಲವೂ ಒಂದೇ ಥರದ ಪುಟ್ಟ ಬಾಟಲಿಗಳು.

ನಾನು ಫಾರ್ಮಸಿ ಓದಿದವಳು, ಕಣ್ಣಿನ ಡಾಕ್ಟರ್ ಅಲ್ಲ. ಕಾಯಿಲೆ ಇಂಥದ್ದೇ ಎಂದು ಹೇಳುವುದು ಅವರ ಕೆಲಸ. ಆದರೆ ಯಾವ ಬಾಟಲಿಯಲ್ಲಿ ಏನಿದೆ, ಅದನ್ನು ಹೇಗೆ ಹಾಕಬೇಕು, ಯಾವಾಗ ಡ್ರಾಪ್ಸ್ ಆಸೆ ಬಿಟ್ಟು ಆಸ್ಪತ್ರೆಗೆ ಓಡಬೇಕು, ಇದನ್ನು ದಿನಾ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಕೌಂಟರಿನಲ್ಲಿ ಹಿಂದೆ ನಾಲ್ಕು ಜನ ನಿಂತಿರುತ್ತಾರೆ, ಪೂರ್ತಿ ಹೇಳೋಕೆ ಆಗಲ್ಲ. ಇಲ್ಲಿ ಹೇಳುತ್ತೇನೆ.

ನೀರು ಸುರಿಯುವ ಕಣ್ಣೂ ಒಣಗಿರಬಹುದು

"ಒಣಗಿದೆ ಅಂತೀಯಲ್ಲಮ್ಮಾ, ನನ್ನ ಕಣ್ಣಾಗ ನೀರು ನಿಲ್ಲೋದೇ ಇಲ್ಲ" ಎಂದು ವಯಸ್ಸಾದವರು ವಾದಕ್ಕೆ ನಿಲ್ಲುತ್ತಾರೆ. ಅವರ ಅನುಮಾನ ಸರಿಯೇ. ಆದರೆ ಕಣ್ಣೀರು ಅಂದರೆ ಬರೀ ನೀರಲ್ಲ. ಕಣ್ಣಿನ ಮೇಲೆ ಸದಾ ಒಂದು ತೆಳು ಪದರ ಹರಡಿರುತ್ತದೆ. ಅದರಲ್ಲಿ ಕಣ್ಣಿಗೆ ಅಂಟಿಕೊಳ್ಳುವ ಲೋಳೆ ಇದೆ, ನೀರಿದೆ, ಎಲ್ಲಕ್ಕಿಂತ ಮೇಲೆ ಎಣ್ಣೆ ಇದೆ. ಎಣ್ಣೆ ಇರುವುದು ನೀರು ಆವಿಯಾಗದಂತೆ ತಡೆಯಲು.

ಆ ಎಣ್ಣೆ ಬರುವುದು ರೆಪ್ಪೆಯ ಒಳಗಿನ ಗ್ರಂಥಿಗಳಿಂದ. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಇರುತ್ತವೆ. ಒಂದರ ಪಕ್ಕ ಒಂದು ಸಾಲಾಗಿ ನಿಂತು, ರೆಪ್ಪೆಗೂದಲಿನ ಬುಡದ ಹಿಂದೆಯೇ ಬಾಯಿ ತೆರೆದಿರುತ್ತವೆ. ಇವನ್ನು ಮೈಬೋಮಿಯನ್ ಗ್ರಂಥಿ ಅನ್ನುತ್ತಾರೆ. 1666ರಲ್ಲಿ ಇವುಗಳ ಬಗ್ಗೆ ವಿವರವಾಗಿ ಬರೆದ ಜರ್ಮನಿಯ ಡಾಕ್ಟರ್ ಹೈನ್‌ರಿಶ್ ಮೈಬೋಮ್ ಹೆಸರು ಅದು. ಪ್ರತಿ ಸಲ ರೆಪ್ಪೆ ಪೂರ್ತಿ ಮುಚ್ಚಿದಾಗ ಸ್ವಲ್ಪ ಎಣ್ಣೆ ಹೊರಬರುತ್ತದೆ. ಆರೋಗ್ಯವಾಗಿರುವ ಎಣ್ಣೆ ತಿಳಿಯಾಗಿರುತ್ತದೆ. ಕೆಟ್ಟರೆ ಚಳಿಗಾಲದ ತುಪ್ಪದ ಹಾಗೆ ಗಟ್ಟಿಯಾಗಿ ಬಾಯಿಯಲ್ಲೇ ಕೂತುಬಿಡುತ್ತದೆ.

ಎಣ್ಣೆ ಇಲ್ಲವೆಂದರೆ ನೀರು ಬೇಗ ಆರಿಹೋಗುತ್ತದೆ. ಕಣ್ಣಿನ ಮೇಲ್ಮೈಗೆ ಉರಿ ಶುರುವಾಗುತ್ತದೆ. ಆಗ ಕಣ್ಣು ಗಾಬರಿಯಾಗಿ ಒಂದೇ ಸಲ ನೀರು ಸುರಿಸುತ್ತದೆ. ಈರುಳ್ಳಿ ಹೆಚ್ಚುವಾಗ ಬರುವ ನೀರೇ ಇದು. ಕೆನ್ನೆ ಮೇಲೆ ಹರಿದುಹೋಗುತ್ತದೆ, ಕಣ್ಣಿನ ಮೇಲೆ ನಿಲ್ಲುವುದಿಲ್ಲ.

ನೀರೇ ಕಡಿಮೆ ಬರುವ ಒಣಗಣ್ಣು ಬೇರೆ ಇದೆ. ಆದರೆ ಎಣ್ಣೆ ಕೆಟ್ಟು ನೀರು ಆವಿಯಾಗುವ ಬಗೆಯೇ ಜಾಸ್ತಿ. ಎರಡೂ ಸೇರಿಕೊಂಡಿರುವವರೂ ಬಹಳ. ಈ ವ್ಯತ್ಯಾಸ ತಿಳಿಯದೆ ವರ್ಷಗಟ್ಟಲೆ ಬರೀ ನೀರಿನ ಡ್ರಾಪ್ಸ್ ಹಾಕಿಕೊಂಡು "ಏನೂ ಉಪಯೋಗ ಇಲ್ಲ" ಎನ್ನುವವರಿದ್ದಾರೆ. ಉಪಯೋಗ ಹೇಗಾಗುತ್ತದೆ? ಕೊರತೆ ಇರುವುದು ಎಣ್ಣೆಗೆ.

ನಾನು ಕೇಳುವ ಪ್ರಶ್ನೆಗಳು

ಮೊದಲನೆಯದು, ಉರಿಯೋ, ತುರಿಕೆಯೋ? ತುರಿಕೆ ಜಾಸ್ತಿ, ಉಜ್ಜಿದಷ್ಟೂ ಉಜ್ಜಬೇಕು ಅನಿಸುತ್ತದೆ ಅಂದರೆ ಅಲರ್ಜಿ ಇರಬಹುದು. ಜೀನ್ಸ್ ಬಟ್ಟೆಯ ನೀಲಿ ನಾರು, ಧೂಳು ಇದಕ್ಕೆ ಕಾರಣವಾಗುವುದುಂಟು. ಉರಿ, ಚುಚ್ಚು, ಉಸುಕು ಬಿದ್ದ ಹಾಗೆ, ಕಣ್ಣು ಭಾರ, ಓದುತ್ತಿದ್ದಂತೆ ಮಬ್ಬಾಗಿ ರೆಪ್ಪೆ ಬಡಿದರೆ ಮತ್ತೆ ಸ್ಪಷ್ಟ. ಇವು ಒಣಗಣ್ಣಿನ ಲಕ್ಷಣ. ಕೊನೆಯದಂತೂ ಒಳ್ಳೆಯ ಸುಳಿವು.

ಎರಡನೆಯದು, ಯಾವ ಹೊತ್ತಿನಲ್ಲಿ ಜಾಸ್ತಿ? ಬೆಳಗ್ಗೆ ಏಳುವಾಗಲೇ ರೆಪ್ಪೆ ಅಂಟಿಕೊಂಡು, ಕೂದಲ ಬುಡದಲ್ಲಿ ಹೊಟ್ಟು ಕಂಡರೆ ರೆಪ್ಪೆಯ ಅಂಚಿನದೇ ತೊಂದರೆ ಇರಬಹುದು. ನಿದ್ದೆಯಲ್ಲಿ ಕಣ್ಣು ಅರ್ಧ ತೆರೆದಿರುವವರಿಗೂ ಬೆಳಗಿನ ಹೊತ್ತೇ ಕಷ್ಟ. ಅದು ಅವರಿಗೇ ಗೊತ್ತಿರುವುದಿಲ್ಲ, ಮನೆಯವರನ್ನು ಕೇಳಬೇಕು. ಸಂಜೆಯಾಗುತ್ತಾ ಹೆಚ್ಚಾದರೆ ದಿನವಿಡೀ ಆವಿಯಾಗಿ ಬಳಲಿದ ಕಣ್ಣು.

ಮೂರನೆಯದು ಬಾಯಿಯ ಬಗ್ಗೆ. ಕಣ್ಣಿಗೂ ಬಾಯಿಗೂ ಏನು ಸಂಬಂಧ ಅಂತ ಎಲ್ಲರೂ ನನ್ನ ಮುಖ ನೋಡುತ್ತಾರೆ. ಜೋಳದ ರೊಟ್ಟಿ ನುಂಗೋಕೆ ಪ್ರತಿ ತುತ್ತಿಗೂ ನೀರು ಬೇಕಾ? ರಾತ್ರಿ ಬಾಯಿ ಒಣಗಿ ಎಚ್ಚರ ಆಗುತ್ತಾ? ಗೆಣ್ಣು ಹಿಡಿದಂತಾಗುತ್ತಾ? ಹೌದು ಅಂದರೆ ಡ್ರಾಪ್ಸ್ ಕೊಟ್ಟು ಕಳಿಸುವ ವಿಷಯ ಅಲ್ಲ. ಶೋಗ್ರೆನ್ ಎನ್ನುವ ಕಾಯಿಲೆ ಇದೆ. ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣೀರು, ಜೊಲ್ಲು ಮಾಡುವ ಗ್ರಂಥಿಗಳ ಮೇಲೆ ತಿರುಗಿಬೀಳುತ್ತದೆ. 1933ರಲ್ಲಿ ಸ್ವೀಡನ್ನಿನ ಕಣ್ಣಿನ ಡಾಕ್ಟರ್ ಹೆನ್ರಿಕ್ ಶೋಗ್ರೆನ್ ಇದನ್ನು ವಿವರಿಸಿದರು. ಬರುವುದು ಬಹುಪಾಲು ಹೆಂಗಸರಿಗೇ, ಅದರಲ್ಲೂ ನಡುವಯಸ್ಸಿನವರಿಗೆ. "ಮುಟ್ಟು ನಿಲ್ಲೋ ವಯಸ್ಸು, ಎಲ್ಲಾ ಹಂಗೇ" ಎಂದು ಮನೆಯಲ್ಲಿ ತಳ್ಳಿಹಾಕುವುದರಿಂದ ಪತ್ತೆಯಾಗೋಕೆ ವರ್ಷಗಳೇ ಹಿಡಿಯುತ್ತವೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಕಣ್ಣು ಒಣಗುವುದು ನಿಜ. ಆದರೆ ಬಾಯಿ, ಗೆಣ್ಣು ಜೊತೆಗೂಡಿದರೆ ರಕ್ತಪರೀಕ್ಷೆ ಬೇಕು.

ನಾಲ್ಕನೆಯದು, "ಯಾವ ಮಾತ್ರೆ ತಗೊಳ್ತಿದೀರಿ?" ಇದು ನನ್ನದೇ ಕ್ಷೇತ್ರ, ಹಾಗಾಗಿ ಸ್ವಲ್ಪ ಜಾಸ್ತಿ ಕೊರೆಯುತ್ತೇನೆ. ನೆಗಡಿ, ಸೀನು ಅಂತ ದಿನಾ ಸೆಟ್ರಿಜಿನ್ ನುಂಗುವವರ ಕಣ್ಣು ಒಣಗುತ್ತದೆ. ನಿದ್ದೆಗೋ ನರದ ನೋವಿಗೋ ಕೊಡುವ ಅಮಿಟ್ರಿಪ್ಟಿಲಿನ್ ಒಣಗಿಸುತ್ತದೆ. ಬಿಪಿಗೆ ಕೊಡುವ, ಮೂತ್ರ ಜಾಸ್ತಿ ಮಾಡುವ ಮಾತ್ರೆಗಳೂ ಒಣಗಿಸಬಹುದು. ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್ ರೆಪ್ಪೆಯ ಎಣ್ಣೆ ಗ್ರಂಥಿಗೇ ಪೆಟ್ಟು ಕೊಡುತ್ತದೆ. ಗ್ಲಾಕೋಮಾಗೆ (ಕಣ್ಣಿನೊಳಗಿನ ಒತ್ತಡದಿಂದ ಕಣ್ಣಿನ ನರ ಕೆಡುವ ಕಾಯಿಲೆ) ವರ್ಷಗಟ್ಟಲೆ ಹಾಕುವ ಡ್ರಾಪ್ಸ್‌ನಲ್ಲಿರುವ ಪ್ರಿಸರ್ವೇಟಿವ್, ಅಂದರೆ ಔಷಧಿ ಕೆಡದಂತೆ ಬೆರೆಸುವ ರಾಸಾಯನಿಕ, ಕೂಡ ತೊಂದರೆ ಮಾಡುತ್ತದೆ. ಇದನ್ನು ಓದಿ ಯಾರೂ ನಾಳೆಯಿಂದ ಮಾತ್ರೆ ನಿಲ್ಲಿಸಬೇಡಿ. ಗ್ಲಾಕೋಮಾ ಡ್ರಾಪ್ಸ್ ಅಂತೂ ನಿಲ್ಲಿಸಲೇಬೇಡಿ, ಕಣ್ಣೇ ಹೋಗುತ್ತದೆ. ಬರೆದುಕೊಟ್ಟ ಡಾಕ್ಟರಿಗೆ ಹೇಳಿ, ಬದಲಿ ಇರುತ್ತದೆ.

ಸಕ್ಕರೆ ಕಾಯಿಲೆ ಇದೆಯಾ ಎಂದೂ ಕೇಳುತ್ತೇನೆ. ಬಹಳ ವರ್ಷದ ಸಕ್ಕರೆಯಿಂದ ಕರಿಗುಡ್ಡೆಯ ಸಂವೇದನೆ ಕಡಿಮೆಯಾಗುತ್ತದೆ. ಕಣ್ಣು ಚೆನ್ನಾಗಿ ಒಣಗಿದ್ದರೂ ಉರಿಯೇ ಗೊತ್ತಾಗದೆ ಇರಬಹುದು.

ಮಕ್ಕಳ ವಿಷಯ ಬೇರೆಯೇ. ಪುಟ್ಟ ಮಗು ಸಂಜೆಗತ್ತಲಲ್ಲಿ ಎಡವುತ್ತದೆ, ಕಣ್ಣಿನ ಬಿಳಿ ಭಾಗ ಕಾಂತಿ ಇಲ್ಲದೆ ಒಣಗಿದಂತಿದೆ, ಅದರ ಮೇಲೆ ನೊರೆಯಂಥ ಬಿಳಿ ಮಚ್ಚೆ ಇದೆ ಅಂದರೆ ಅದು ಎ ವಿಟಮಿನ್ ಕೊರತೆ. ಕೂಡಲೇ ಆಸ್ಪತ್ರೆ. 9 ತಿಂಗಳಿಂದ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ ಕುಡಿಸುವ ಎ ವಿಟಮಿನ್ ಸಿರಪ್ ತಪ್ಪಿಸಬೇಡಿ. ಅಂಗನವಾಡಿಯಲ್ಲಿ ಕೇಳಿದರೆ ಹೇಳುತ್ತಾರೆ.

ಇನ್ನು ಡ್ರಾಪ್ಸ್ ಕೊಡದೆ ಸೀದಾ ಕಣ್ಣಾಸ್ಪತ್ರೆಗೆ ಕಳಿಸುವ ಸಂದರ್ಭಗಳು: ಒಂದೇ ಕಣ್ಣು ಕೆಂಪಾಗಿ ಜೋರು ನೋವು, ಬೆಳಕು ನೋಡೋಕೇ ಆಗದಿರುವುದು, ದೃಷ್ಟಿ ಕಡಿಮೆಯಾಗಿ ರೆಪ್ಪೆ ಬಡಿದರೂ ಸರಿಹೋಗದಿರುವುದು, ಹಳದಿ ಪಿಚ್ಚು, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ, ಕಣ್ಣಿಗೆ ಏನಾದರೂ ಸಿಡಿದಿದ್ದು, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕಣ್ಣು ನೋಯುವುದು. ಇವೆಲ್ಲ ಒಣಗಣ್ಣು ಅಲ್ಲ, ಅಥವಾ ಬರೀ ಒಣಗಣ್ಣು ಅಲ್ಲ.

ಬಾಟಲಿಯ ಮೇಲಿನ ಸಣ್ಣಕ್ಷರ

ಬ್ರ್ಯಾಂಡ್ ಹೆಸರು ದೊಡ್ಡದಾಗಿರುತ್ತದೆ. ಬೇಕಾಗಿರುವುದು ಅದಲ್ಲ, ಅದರ ಕೆಳಗಿನ ಸಣ್ಣಕ್ಷರ. ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ.

ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್, ಹೈಡ್ರಾಕ್ಸಿಪ್ರೊಪೈಲ್ ಮಿಥೈಲ್ ಸೆಲ್ಯುಲೋಸ್, ಸೋಡಿಯಂ ಹಯಲುರೊನೇಟ್, ಪ್ರೊಪಿಲೀನ್ ಗ್ಲೈಕಾಲ್, ಪಾಲಿಎಥಿಲೀನ್ ಗ್ಲೈಕಾಲ್. ಹೆಸರು ಹೆದರಿಸುವಂತಿದ್ದರೂ ಇವೆಲ್ಲ ಕೃತಕ ಕಣ್ಣೀರು. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಮೇಲು ಎಂದು ಹೇಳುವಷ್ಟು ದೊಡ್ಡ ವ್ಯತ್ಯಾಸ ಇಲ್ಲ. ಒಬ್ಬರಿಗೆ ಒಂದು ಹಿತ, ಇನ್ನೊಬ್ಬರಿಗೆ ಇನ್ನೊಂದು. ಸೆಲ್ಯುಲೋಸಿನದು 0.5 ಪರ್ಸೆಂಟ್ ತೆಳು, 1 ಪರ್ಸೆಂಟ್ ದಪ್ಪ. ದಪ್ಪದ್ದು ಜಾಸ್ತಿ ಹೊತ್ತು ನಿಲ್ಲುತ್ತದೆ, ಆದರೆ ಸ್ವಲ್ಪ ಹೊತ್ತು ಮಬ್ಬು. ಹಾಕಿಕೊಂಡು ಗಾಡಿ ಹತ್ತಬೇಡಿ. ಜೆಲ್, ಮುಲಾಮು ಮಲಗುವಾಗ ಮಾತ್ರ. 0.5ರದ್ದು ಜನೌಷಧಿ ಕೇಂದ್ರದಲ್ಲೂ ಕಡಿಮೆ ಬೆಲೆಗೆ ಸಿಗುತ್ತದೆ. ನನ್ನ ವ್ಯಾಪಾರಕ್ಕೆ ಪೆಟ್ಟು ಬೀಳುವ ಮಾತೇ, ಆದರೂ ತಿಂಗಳು ತಿಂಗಳೂ ಕೊಳ್ಳಬೇಕಾದವರಿಗೆ ಹೇಳದೆ ಇರೋಕಾಗಲ್ಲ.

ಮುಂದೆ ನೋಡಬೇಕಾದ್ದು ಪ್ರಿಸರ್ವೇಟಿವ್. ಬೆನ್ಜಾಲ್ಕೋನಿಯಂ ಕ್ಲೋರೈಡ್ ಎಂದಿದ್ದರೆ ಗಮನ ಇರಲಿ. ಬಾಟಲಿಯೊಳಗೆ ಕೀಟಾಣು ಬೆಳೆಯದಂತೆ ತಡೆಯುತ್ತದೆ, ಸರಿ. ಆದರೆ ಪದೇ ಪದೇ ಹಾಕಿದರೆ ಕಣ್ಣಿನ ಮೇಲ್ಮೈಯನ್ನೇ ಕೆರಳಿಸುತ್ತದೆ. ದಿನಕ್ಕೆ ಎರಡು ಮೂರು ಸಲಕ್ಕೆ ನಡೆಯುತ್ತದೆ. ನಾಲ್ಕು ಸಲಕ್ಕಿಂತ ಜಾಸ್ತಿ ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ. ಅವು ಒಂದೊಂದೇ ಸಲಕ್ಕೆ ಆಗುವ ಪ್ಲಾಸ್ಟಿಕ್ ಟ್ಯೂಬಿನಲ್ಲಿ, ಅಥವಾ ಗಾಳಿ ಒಳಗೆ ಹೋಗದ ವಿಶೇಷ ಬಾಟಲಿಯಲ್ಲಿ ಬರುತ್ತವೆ. ರೇಟು ಜಾಸ್ತಿ. ಅದಕ್ಕೇ ಕೆಲವರು ಒಂದು ಸಲದ ಟ್ಯೂಬನ್ನು ಎರಡು ಮೂರು ದಿನ ಎಳೆಯುತ್ತಾರೆ. ದಯವಿಟ್ಟು ಬೇಡ. ಅದರಲ್ಲಿ ಕೀಟಾಣು ತಡೆಯುವ ಯಾವುದೂ ಇಲ್ಲ. ಪೊಟ್ಟಣದ ಮೇಲೆ ಬರೆದಷ್ಟೇ ಹೊತ್ತು.

ಇದು ಸುಮ್ನೆ ಹೆದರಿಸುವ ಮಾತಲ್ಲ. 2022-23ರಲ್ಲಿ ಅಮೆರಿಕದಲ್ಲಿ ಕೃತಕ ಕಣ್ಣೀರಿನ ಬಾಟಲಿಗಳಿಂದಲೇ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಹಬ್ಬಿತ್ತು. ಹಲವರು ದೃಷ್ಟಿ ಕಳೆದುಕೊಂಡರು, ನಾಲ್ವರು ಸತ್ತರು. ಆ ಡ್ರಾಪ್ಸ್ ತಯಾರಾಗಿದ್ದು ತಮಿಳುನಾಡಿನಲ್ಲಿ. ಅಲ್ಲಿ ತಪ್ಪು ಕಾರ್ಖಾನೆಯದು. ಆದರೆ ಬಾಟಲಿಯ ಮೂತಿಯನ್ನು ರೆಪ್ಪೆಗೆ, ಬೆರಳಿಗೆ ತಾಗಿಸಿ ನಾವೇ ಅದೇ ಕೆಲಸ ಮನೆಯಲ್ಲಿ ಮಾಡಬಹುದು.

ಈಗ ಹಾಕಬಾರದ್ದು. 'ಕಣ್ಣಿನ ಕೆಂಪು ಹೋಗಿಸುವ' ಡ್ರಾಪ್ಸ್‌ನಲ್ಲಿ ನಾಫಜೋಲಿನ್ ಥರದ ಔಷಧಿ ಇರುತ್ತದೆ. ರಕ್ತನಾಳ ಸಂಕುಚಿಸಿ ಕಣ್ಣು ಬೆಳ್ಳಗೆ ಮಾಡುತ್ತದೆ. ಇಳಿದ ಮೇಲೆ ಮೊದಲಿಗಿಂತ ಕೆಂಪು. ಮತ್ತೆ ಹಾಕು, ಮತ್ತೆ ಕೆಂಪು. ಮದುವೆ ಫೋಟೋಗೆ ಒಂದು ದಿನ ಹಾಕಿದರೆ ಹಾಕಿಕೊಳ್ಳಿ, ದಿನಾ ಬೇಡ.

ಅದಕ್ಕಿಂತ ಅಪಾಯ ಸ್ಟೆರಾಯ್ಡ್. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಫ್ಲೋರೋಮೆಥೋಲೋನ್, ಲೋಟೆಪ್ರೆಡ್ನಾಲ್. ಆಂಟಿಬಯೋಟಿಕ್ ಜೊತೆ ಬೆರೆತೂ ಬರುತ್ತವೆ. ಹಾಕಿದ ಮರುದಿನವೇ ಉರಿ ಮಾಯ. ಅದೇ ತೊಂದರೆ. "ಹೋದ ಸಲ ನಮ್ಮಣ್ಣಗ ಬರೆದುಕೊಟ್ಟಿದ್ದು, ಭಾಳ ಚಲೋ ಐತೆ, ಅದೇ ಕೊಡು" ಎಂದು ಖಾಲಿ ಬಾಟಲಿ ತರುತ್ತಾರೆ. ಚೀಟಿ ಇಲ್ಲದೆ ಕೊಡುವುದಿಲ್ಲ ಅಂದರೆ ಸಿಟ್ಟು, ಮುಂದಿನ ಅಂಗಡಿಗೆ ಹೋಗುತ್ತಾರೆ. ಡಾಕ್ಟರ್ ನೋಡಿ, ಇಷ್ಟೇ ವಾರ ಅಂತ ಕೊಟ್ಟರೆ ಸ್ಟೆರಾಯ್ಡ್ ಒಳ್ಳೆಯ ಔಷಧಿಯೇ. ಕೇಳುವವರಿಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ ಆಗಬಹುದು, ಪೊರೆ ಬರಬಹುದು. ಒತ್ತಡ ಏರುವಾಗ ಸಾಮಾನ್ಯವಾಗಿ ನೋವೂ ಇರುವುದಿಲ್ಲ. ಗ್ಲಾಕೋಮಾದಿಂದ ಹೋದ ದೃಷ್ಟಿ ವಾಪಸ್ ಬರಲ್ಲ. ಪೊಟ್ಟಣದ ಮೇಲೆ ಆರ್‌ಎಕ್ಸ್ ಗುರುತು ಇದ್ದರೆ ಅದು ಚೀಟಿ ಇಲ್ಲದೆ ಮಾರುವಂಥದ್ದಲ್ಲ ಎಂದರ್ಥ.

ಹಾಕುವ ಕ್ರಮ

ಕೈ ತೊಳೆದುಕೊಳ್ಳಿ. ತಲೆ ಹಿಂದಕ್ಕೆ, ಇಲ್ಲವಾದರೆ ಮಲಗಿಬಿಡಿ. ಕೆಳರೆಪ್ಪೆಯನ್ನು ಬೆರಳಲ್ಲಿ ಮೆಲ್ಲಗೆ ಕೆಳಗೆಳೆದರೆ ಒಂದು ಪುಟ್ಟ ಜೇಬಿನಂಥ ಜಾಗ ಆಗುತ್ತದೆ. ಹನಿ ಬೀಳಬೇಕಾದ್ದು ಅಲ್ಲಿ, ಕರಿಗುಡ್ಡೆ ಮೇಲಲ್ಲ. ಒಂದೇ ಹನಿ. ಬಾಟಲಿಯ ಒಂದು ಹನಿಯನ್ನೇ ಕಣ್ಣು ಪೂರ್ತಿ ಹಿಡಿದಿಟ್ಟುಕೊಳ್ಳಲಾರದು. ಎರಡನೆಯದು ಕೆನ್ನೆಗೆ, ದುಡ್ಡು ನೆಲಕ್ಕೆ. ಹಾಕಿದ ಮೇಲೆ ಪಟಪಟ ರೆಪ್ಪೆ ಬಡಿಯಬೇಡಿ. ಮೆಲ್ಲಗೆ ಮುಚ್ಚಿ ಒಂದು ನಿಮಿಷ ಇರಿ.

ಎರಡು ಬಗೆ ಡ್ರಾಪ್ಸ್ ಇದ್ದರೆ ನಡುವೆ ಐದು ಹತ್ತು ನಿಮಿಷ ಬಿಡಿ. ತೆಳುವಾದದ್ದು ಮೊದಲು, ಜೆಲ್ ಕೊನೆಗೆ. ಕೈ ನಡುಗುವ ಅಜ್ಜ ಅಜ್ಜಿಗೆ ಬೇರೆಯವರು ಹಾಕಬೇಕು. ಯಾರೂ ಇಲ್ಲವಾದರೆ ಮಲಗಿ, ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೆಗೆ ಹನಿ ಬಿಟ್ಟು ಆಮೇಲೆ ಕಣ್ಣು ತೆರೆದರೆ ತಾನೇ ಒಳಗೆ ಜಾರುತ್ತದೆ. ಮುಖ ಮೊದಲೇ ಒರೆಸಿಕೊಂಡಿರಬೇಕು ಅಷ್ಟೇ.

ಬಾಟಲಿ ತೆರೆದ ದಿನ ಪೆನ್ನಿನಿಂದ ಅದರ ಮೇಲೆ ತಾರೀಖು ಬರೆಯಿರಿ. ಸಾಮಾನ್ಯ ಡ್ರಾಪ್ಸ್ ಒಂದು ತಿಂಗಳಾದ ಮೇಲೆ ಅರ್ಧ ಉಳಿದಿದ್ದರೂ ಎಸೆಯಬೇಕು. ಎಕ್ಸ್‌ಪೈರಿ ತಾರೀಖು ತೆರೆಯದ ಬಾಟಲಿಗೆ, ತೆರೆದದ್ದಕ್ಕಲ್ಲ. ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿಯಲ್ಲಿ ಇಡಬೇಡಿ. ನಮ್ಮೂರಲ್ಲಿ ಏಪ್ರಿಲ್‌ನಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಡಿಕ್ಕಿಯೊಳಗೆ ಎಷ್ಟಿರಬೇಕು ನೀವೇ ಲೆಕ್ಕ ಹಾಕಿ. ಒಬ್ಬರ ಬಾಟಲಿ ಒಬ್ಬರಿಗೇ. ಗಂಡ ಹೆಂಡತಿಯಾದರೂ ಬೇರೆ ಬೇರೆ.

ಬಿಸಿ ಶಾಖ

ಎಣ್ಣೆ ಕೆಟ್ಟವರಿಗೆ ಇದು ಡ್ರಾಪ್ಸ್‌ಗಿಂತ ಮುಖ್ಯ. ದುಡ್ಡು ಖರ್ಚಿಲ್ಲ, ಬಹುಶಃ ಅದಕ್ಕೇ ಯಾರೂ ನೆಟ್ಟಗೆ ಮಾಡುವುದಿಲ್ಲ. ಬಿಸಿನೀರಲ್ಲಿ ಕರ್ಚೀಫ್ ಅದ್ದಿ ಒಂದು ಸಲ ಒತ್ತಿ "ಮಾಡಿದೆ ಅಕ್ಕಾ" ಅನ್ನುತ್ತಾರೆ. ಅಷ್ಟರಲ್ಲಿ ಗಟ್ಟಿ ಎಣ್ಣೆ ಕರಗಲ್ಲ. ರೆಪ್ಪೆಗೆ ಸುಮಾರು 40 ಡಿಗ್ರಿ ಶಾಖ ಒಂದೇ ಸಮನೆ ಎಂಟು ಹತ್ತು ನಿಮಿಷ ಸಿಗಬೇಕು. ಒದ್ದೆ ಬಟ್ಟೆ ಒಂದೆರಡು ನಿಮಿಷದಲ್ಲೇ ತಣ್ಣಗಾಗುತ್ತದೆ. ಹಾಗಾಗಿ ಎರಡು ಬಟ್ಟೆ ಇಟ್ಟುಕೊಳ್ಳಿ, ಫ್ಲಾಸ್ಕಿನಲ್ಲಿ ಬಿಸಿನೀರು ಇರಲಿ. ಒಂದು ಕಣ್ಣಿನ ಮೇಲಿರುವಾಗ ಇನ್ನೊಂದು ಅದ್ದಿ ಹಿಂಡಿ ಸಿದ್ಧ. ಹಾಕುವ ಮುಂಚೆ ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ. ಅಲ್ಲಿ ಸುಟ್ಟರೆ ಕಣ್ಣಿಗೂ ಸುಡುತ್ತದೆ.

ಶಾಖ ಮುಗಿದ ತಕ್ಷಣ, ಕರಗಿದ್ದು ಮತ್ತೆ ಗಟ್ಟಿಯಾಗುವ ಮೊದಲು, ಬೆರಳಿನಿಂದ ಮೆಲ್ಲಗೆ ಸವರಿ. ಮೇಲಿನ ರೆಪ್ಪೆಯನ್ನು ಮೇಲಿಂದ ಕೆಳಕ್ಕೆ, ಕೆಳಗಿನದನ್ನು ಕೆಳಗಿಂದ ಮೇಲಕ್ಕೆ. ಎರಡೂ ಕೂದಲಿನ ಅಂಚಿನ ಕಡೆಗೆ. ಕಣ್ಣುಗುಡ್ಡೆ ಒತ್ತಬೇಡಿ. ಇತ್ತೀಚೆಗೆ ಕಣ್ಣಿನ ಆಪರೇಷನ್ ಆದವರು, ಕೆರಟೋಕೋನಸ್ (ಕರಿಗುಡ್ಡೆ ತೆಳುವಾಗಿ ಮುಂದಕ್ಕೆ ಉಬ್ಬುವ ಕಾಯಿಲೆ) ಇರುವವರು ಡಾಕ್ಟರನ್ನು ಕೇಳದೆ ಈ ಮಸಾಜ್ ಮಾಡಲೇಬಾರದು. ಆಮೇಲೆ ಮೆಡಿಕಲ್‌ನಲ್ಲಿ ಸಿಗುವ ಲಿಡ್ ವೈಪ್‌ನಿಂದ ಕೂದಲ ಬುಡ ಒರೆಸಿ. ಮೊದಲ ಕೆಲವು ವಾರ ದಿನಕ್ಕೆ ಎರಡು ಸಲ, ಆಮೇಲೆ ಒಂದು ಸಲ. ಫಲ ಕಾಣೋಕೆ ವಾರಗಳೇ ಬೇಕು, ಬಿಟ್ಟರೆ ಮತ್ತೆ ಶುರುವಾಗುತ್ತದೆ. ಹಲ್ಲುಜ್ಜುವ ಜೊತೆಗೇ ಅಭ್ಯಾಸ ಮಾಡಿಕೊಂಡವರಿಗೆ ಮಾತ್ರ ಇದು ಒಗ್ಗುತ್ತದೆ.

ಕಾಡಿಗೆ ಹಚ್ಚುವವರು ರೆಪ್ಪೆಯ ಒಳ ಅಂಚಿಗೆ ಹಚ್ಚಬೇಡಿ. ಎಣ್ಣೆ ಗ್ರಂಥಿಯ ಬಾಯಿ ಇರುವುದು ಸರಿಯಾಗಿ ಅಲ್ಲೇ. ಕೂದಲ ಬುಡಕ್ಕೆ ಬಳೆಯ ಹಾಗೆ ಸುತ್ತಿಕೊಂಡ ಹೊಟ್ಟು ಕಂಡರೆ ಡೆಮೊಡೆಕ್ಸ್ ಎನ್ನುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಇರಬಹುದು. ಅದಕ್ಕೆ ಬೇರೆ ಔಷಧಿ ಇದೆ. ಟೀ ಟ್ರೀ ಎಣ್ಣೆ ಒಳ್ಳೆಯದು ಅಂತ ಎಲ್ಲೋ ಓದಿ ಬಾಟಲಿಯಿಂದ ಸೀದಾ ಹಚ್ಚಬೇಡಿ, ಕಣ್ಣು ಸುಟ್ಟುಹೋಗುತ್ತದೆ.

ಮನೆಮದ್ದು, ಮಾತ್ರೆ, ಫ್ಯಾನು

ನಂದಿಬಟ್ಟಲು ಹೂವಿನ ರಸ, ಎದೆಹಾಲು, ಜೇನು, ಗುಲಾಬ್ ಜಲ. ಇವುಗಳ ಪಟ್ಟಿ ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಯಾವುದೂ ಕೀಟಾಣುರಹಿತ ಅಲ್ಲ. ಒಣಗಿದ ಕರಿಗುಡ್ಡೆಯ ಮೇಲೆ ಸಣ್ಣ ಗೀರುಗಳಿರುತ್ತವೆ. ಸೋಂಕು ಹೊಕ್ಕರೆ ಹುಣ್ಣಾಗುತ್ತದೆ, ಮಾಯ್ದ ಮೇಲೂ ಬಿಳಿ ಕಲೆ ಉಳಿಯುತ್ತದೆ. ನೆತ್ತಿಗೆ ಹರಳೆಣ್ಣೆ ಒತ್ತಿಕೊಂಡರೆ ನನ್ನದೇನೂ ಅಭ್ಯಂತರ ಇಲ್ಲ, ತಂಪು ಅನಿಸಿದರೆ ಒತ್ತಿಕೊಳ್ಳಿ. ಕಣ್ಣಿನೊಳಗೆ ಬೇಡ.

ಒಮೆಗಾ-3 ಕ್ಯಾಪ್ಸೂಲ್ ಕೇಳಿಕೊಂಡು ಬರುವವರೂ ಇದ್ದಾರೆ. ಅಮೆರಿಕದಲ್ಲಿ ದೊಡ್ಡ ಅಧ್ಯಯನ ನಡೆದು 2018ರಲ್ಲಿ ಫಲಿತಾಂಶ ಬಂತು. ಒಂದು ಗುಂಪಿಗೆ ದಿನಕ್ಕೆ 3000 ಮಿಲಿಗ್ರಾಂ ಒಮೆಗಾ-3, ಇನ್ನೊಂದಕ್ಕೆ ಆಲಿವ್ ಎಣ್ಣೆ, ಒಂದು ವರ್ಷ. ಎರಡೂ ಗುಂಪಿಗೆ ಹೆಚ್ಚುಕಮ್ಮಿ ಒಂದೇ ಸುಧಾರಣೆ. ಹಾಗಾಗಿ ಆ ದುಡ್ಡಲ್ಲಿ ಪ್ರಿಸರ್ವೇಟಿವ್ ಇಲ್ಲದ ಡ್ರಾಪ್ಸ್ ತಗೊಳ್ಳಿ ಅನ್ನುತ್ತೇನೆ.

ಗಾಳಿ ಮುಖಕ್ಕೆ ಬಡಿಯುವುದನ್ನು ತಪ್ಪಿಸಿದರೆ ಅರ್ಧ ಉರಿ ಕಡಿಮೆ. ಹೊಲಿಯುವವರ ಟೇಬಲ್ ಫ್ಯಾನ್ ಸೀದಾ ಮುಖಕ್ಕೇ ಇರುತ್ತದೆ, ಸೆಕೆಗೆ ಬೇರೆ ದಾರಿಯಿಲ್ಲ. ಆದರೂ ಹಿಂದಿನಿಂದ, ಬೆನ್ನಿಗೆ ತಿರುಗಿಸಬಹುದು. ಬೈಕಿನಲ್ಲಿ ಹೆಲ್ಮೆಟ್ಟಿನ ಗಾಜು ಕೆಳಗಿರಲಿ, ಸಂಡೂರು, ತೋರಣಗಲ್ಲು ಕಡೆ ಅದಿರಿನ ಲಾರಿಗಳ ಹಿಂದೆ ಹೋಗುವವರಿಗೆ ಇದನ್ನು ಬೇರೆ ಹೇಳಬೇಕೇ! ಕಾರಿನ ಎಸಿ ಕಿಂಡಿ ಕಾಲ ಕಡೆಗೆ. ಕಂಪ್ಯೂಟರ್ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿದ್ದರೆ ಕಣ್ಣು ಅಷ್ಟು ಅಗಲ ತೆರೆಯುವುದಿಲ್ಲ, ಆವಿಯಾಗುವುದೂ ಕಡಿಮೆ.

ಸೂಜಿ ಮೊನೆಯನ್ನೋ ಮೊಬೈಲನ್ನೋ ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ. ಬಡಿದರೂ ಅರ್ಧಂಬರ್ಧ. ಪೂರ್ತಿ ಮುಚ್ಚದಿದ್ದರೆ ಎಣ್ಣೆ ಹೊರಬರಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ದೂರ ನೋಡಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಪೀಸ್ ಲೆಕ್ಕದಲ್ಲಿ ಹೊಲಿಯುವವರು ಗಡಿಯಾರ ನೋಡುತ್ತಾ ಕೂರಲ್ಲ. ನಾನು ಅವರಿಗೆ ಹೇಳುವುದು: ಬಾಬಿನ್ ದಾರ ಮುಗಿದು ಬದಲಿಸುವಾಗಲೆಲ್ಲ ಕಣ್ಣು ಮೆಲ್ಲಗೆ ಪೂರ್ತಿ ಮುಚ್ಚಿ, ಎರಡು ಸೆಕೆಂಡ್ ಇರಿ, ತೆರೆಯಿರಿ. ಹತ್ತು ಸಲ. ಕೆಲಸ ಹೇಗೂ ನಿಂತಿರುತ್ತದೆ, ಅಲ್ವಾ?

ಡಾಕ್ಟರ್ ಹತ್ತಿರ ಹೋದಾಗ

ಇಷ್ಟನ್ನು ನಾಲ್ಕಾರು ವಾರ ಮಾಡಿಯೂ ಬಿಡದಿದ್ದರೆ ಕಣ್ಣಿನ ಡಾಕ್ಟರ್ ಬೇಕು. ಮನೆಯಲ್ಲಿರುವ ಹಳೆಯ, ಹೊಸ ಎಲ್ಲ ಡ್ರಾಪ್ಸ್, ನುಂಗುವ ಮಾತ್ರೆಗಳ ಸ್ಟ್ರಿಪ್ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. "ಬಿಳಿ ಬಾಟ್ಲಿ, ನೀಲಿ ಮುಚ್ಚಳ" ಎಂದರೆ ಯಾರಿಗೂ ಗೊತ್ತಾಗಲ್ಲ.

ಅಲ್ಲಿ ಕೆಳರೆಪ್ಪೆಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಬಹುದು. ಶಿರ್ಮರ್ ಪರೀಕ್ಷೆ, 1903ರಿಂದ ಇರುವಂಥದ್ದು. ಪಟ್ಟಿ 10 ಮಿಲಿಮೀಟರಿಗಿಂತ ಜಾಸ್ತಿ ಒದ್ದೆಯಾದರೆ ನೀರು ಸಾಕಷ್ಟಿದೆ, 5ಕ್ಕಿಂತ ಕಡಿಮೆಯಾದರೆ ಚೆನ್ನಾಗಿಯೇ ಒಣಗಿದೆ. ಇನ್ನೊಂದರಲ್ಲಿ ಹಳದಿ ಬಣ್ಣ ಹಾಕಿ, ರೆಪ್ಪೆ ಬಡಿಯಬೇಡಿ ಎಂದು ಹೇಳಿ, ನೀರಿನ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಎಂದು ನೋಡುತ್ತಾರೆ. 10 ಸೆಕೆಂಡ್ ಒಳಗೆ ಒಡೆದರೆ ಪದರ ಗಟ್ಟಿಯಿಲ್ಲ. ರೆಪ್ಪೆ ಒತ್ತಿ ಎಣ್ಣೆ ಹೇಗೆ ಬರುತ್ತದೆ ಎಂದು ನೋಡದಿದ್ದರೆ ನೀವೇ ಕೇಳಿ. ಜನ ಜಾಸ್ತಿ ಇರುವ ದಿನ ಅದು ತಪ್ಪಿಹೋಗುವುದುಂಟು.

ಸೈಕ್ಲೋಸ್ಪೋರಿನ್ ಡ್ರಾಪ್ಸ್ ಬರೆದುಕೊಟ್ಟರೆ ಒಂದು ವಿಷಯ ಮೊದಲೇ ತಿಳಿದಿರಲಿ. ಅದು ಉರಿ ಇಳಿಸುವ ಔಷಧಿ ಅಲ್ಲ, ಒಳಗಿನ ಉರಿಯೂತವನ್ನು ನಿಧಾನಕ್ಕೆ ತಗ್ಗಿಸುವಂಥದ್ದು. ಹಾಕಿದಾಗ ಉರಿಯುತ್ತದೆ. ಫಲ ಕಾಣೋಕೆ ಒಂದರಿಂದ ಮೂರು ತಿಂಗಳು. ಹದಿನೈದು ದಿನಕ್ಕೇ "ಇದು ಜಾಸ್ತಿ ಉರೀತೈತೆ" ಎಂದು ಬಿಟ್ಟವರನ್ನು ಎಷ್ಟೋ ನೋಡಿದ್ದೇನೆ. ಶುರುವಿನಲ್ಲಿ ಡಾಕ್ಟರೇ ಕೆಲವು ವಾರ ಹಗುರವಾದ ಸ್ಟೆರಾಯ್ಡ್ ಜೊತೆ ಕೊಡುವುದು ಈ ನಡುವಿನ ಕಾಲ ದಾಟಿಸಲು. ಆ ಸ್ಟೆರಾಯ್ಡ್ ಮುಗಿದ ಮೇಲೆ ಮತ್ತೆ ಕೊಳ್ಳಬಾರದು, ಸೈಕ್ಲೋಸ್ಪೋರಿನ್ ಮುಗಿದರೆ ಕೊಳ್ಳಬೇಕು. ಕೌಂಟರಿನಲ್ಲಿ ಇದು ತಿರುಗುಮುರುಗು ಆಗುವುದೇ ಜಾಸ್ತಿ. ಎರಡಕ್ಕೂ ಬೇರೆ ಬಣ್ಣದ ರಬ್ಬರ್ ಬ್ಯಾಂಡ್ ಹಾಕಿಟ್ಟುಕೊಳ್ಳಿ.

ಇದಕ್ಕೂ ಬಗ್ಗದಿದ್ದರೆ ಕಣ್ಣೀರು ಮೂಗಿಗೆ ಇಳಿಯುವ ತೂತಿಗೆ ಸಣ್ಣ ಬೆಣೆ ಹಾಕುತ್ತಾರೆ, ನಿಮ್ಮದೇ ರಕ್ತದ ಸೀರಮ್‌ನಿಂದ ಡ್ರಾಪ್ಸ್ ಮಾಡುತ್ತಾರೆ, ಕಣ್ಣಿನ ಮೇಲೆ ನೀರು ಹಿಡಿದಿಡುವ ದೊಡ್ಡ ಲೆನ್ಸ್ ಕೊಡುತ್ತಾರೆ. ಇವು ದೊಡ್ಡ ಆಸ್ಪತ್ರೆಯ ಕೆಲಸ. ನಮ್ಮ ಕಡೆಯವರು ಬೆಂಗಳೂರಿನ ಮಿಂಟೋಗೋ ಹೈದರಾಬಾದಿನ ಎಲ್.ವಿ. ಪ್ರಸಾದ್‌ಗೋ ಹೋಗುತ್ತಾರೆ.

ಪೊರೆ ಆಪರೇಷನ್‌ಗೆ ಹೆಸರು ಕೊಟ್ಟಿರುವ ಅಪ್ಪ ಅಮ್ಮ ಮನೆಯಲ್ಲಿದ್ದರೆ ಈ ಒಂದು ಮಾತು ನೆನಪಿಡಿ. ಒಳಗೆ ಕೂರಿಸುವ ಲೆನ್ಸಿನ ನಂಬರನ್ನು ಕರಿಗುಡ್ಡೆಯ ಅಳತೆಯಿಂದ ಲೆಕ್ಕ ಹಾಕುತ್ತಾರೆ. ಕಣ್ಣು ಒಣಗಿದ್ದರೆ ಆ ಅಳತೆಯೇ ತಪ್ಪಬಹುದು. ಆಪರೇಷನ್ ಆದ ಮೇಲೆ ಕೆಲವು ತಿಂಗಳು ಒಣಗುವುದು ಇನ್ನೂ ಜಾಸ್ತಿ. ಲೇಸರ್ ಮಾಡಿಸಿ ಕನ್ನಡಕ ತೆಗೆಯುವವರಿಗೂ ಇದೇ. ಅಳತೆ ತೆಗೆಯುವ ದಿನಕ್ಕೆ ಮೊದಲೇ ಕಣ್ಣು ಉರಿಯುತ್ತದೆ ಎಂದು ಹೇಳಿ. ಬೇಕಾದರೆ ಕೆಲವು ವಾರ ಒಣಗಣ್ಣಿಗೆ ಔಷಧಿ ಕೊಟ್ಟು, ಆಮೇಲೆ ಅಳತೆ ತೆಗೆಯುತ್ತಾರೆ.